ದೇವಲಾಪುರದವ್ವನ ಜೊತೆ ಜಪಾನಿಗೆ

ಒಸಾಕಾ ವಿಮಾನ ನಿಲ್ದಾಣ

ಭಾಗ್ಯಳ ಗಾಲಿಕುರ್ಚಿ ಬಂತು, ಅದರ ಮೇಲಿನ ಮೆತ್ತೆ ಬರಲಿಲ್ಲ.

ಮಿಕ್ಕ ಪ್ರಯಾಣಿಕರೆಲ್ಲ ಇಳಿದುಹೋದ ಮೇಲೆ ನಮ್ಮಿಬ್ಬರನ್ನೂ ಒಂದೊಂದು ಇಕ್ಕಟ್ಟಾದ ಕುರ್ಚಿಗೆ ಬೆಲ್ಟು ಬಿಗಿದು, ಸೀಟುಗಳ ನಡುವಿನ ಸಂದಿಯಲ್ಲಿ ಹಿಂದುಹಿಂದಕ್ಕೆ ಎಳೆದುಕೊಂಡು ವಿಮಾನದ ಬಾಗಿಲಿಗೆ ತಂದಿದ್ದರು. ನಮ್ಮ ಸ್ವಂತ ಕುರ್ಚಿಗಳು ಅಲ್ಲಿ ಕಾಯುತ್ತಿದ್ದವು. ನನ್ನದು ಸರಿಯಾಗಿತ್ತು. ಭಾಗ್ಯಳ ಕುರ್ಚಿಯಲ್ಲಿ ಬರೀ ಸೀಟಿನ ಬಟ್ಟೆ, ಅದರ ಕೆಳಗೆ ಕಬ್ಬಿಣ.

ಬೆನ್ನುಹುರಿಗೆ ಪೆಟ್ಟಾದವರಿಗೆ ಈ ಮೆತ್ತೆ ಎಷ್ಟು ಮುಖ್ಯ ಎಂಬುದು ಬೇರೆಯವರಿಗೆ ಬೇಗ ಹೊಳೆಯುವುದಿಲ್ಲ. ನಮಗೆ ಸೊಂಟದಿಂದ ಕೆಳಗೆ ಏನು ತಗುಲಿದರೂ ಗೊತ್ತಾಗುವುದಿಲ್ಲ. ಗಟ್ಟಿ ಜಾಗದಲ್ಲಿ ಹೆಚ್ಚು ಹೊತ್ತು ಕೂತರೆ ಚರ್ಮ ಒಳಗೊಳಗೇ ಕೆಡಲು ಶುರುವಾಗುತ್ತದೆ. ನೋವೇ ಇಲ್ಲದ ಆ ಹುಣ್ಣು ತಿಂಗಳುಗಟ್ಟಲೆ ಬೋರಲು ಮಲಗಿಸುತ್ತದೆ. ನಮ್ಮವರಲ್ಲಿ ಕೆಲವರನ್ನು ಅದು ಕರೆದುಕೊಂಡೇ ಹೋಗಿದೆ.

ಸಮವಸ್ತ್ರದ ಹೆಂಗಸೊಬ್ಬಳು ಓಡಿಬಂದು ಸೊಂಟ ಬಗ್ಗಿಸಿ ನಿಂತಳು. ಅವಳ ಹಿಂದೆಯೇ ಒಬ್ಬ ಗಂಡಸು ಬಂದು ಅವಳಿಗಿಂತ ಹೆಚ್ಚು ಬಗ್ಗಿದ.

"ಇವ್ರ್ ಯಾಕಕ್ಕ ಬಗ್ ಬಗ್ ನೋಡ್ತಾವ್ರೆ? ಮೆತ್ತೆ ಕುರ್ಚಿ ಕೆಳೀಕೇನಾರ ಬಿದ್ದದಾ?" ಎಂದಳು ಭಾಗ್ಯ.

"ಹುಡುಕ್ತಾ ಇಲ್ಲ ಕಣೇ. ಕ್ಷಮೆ ಕೇಳ್ತಾ ಇದಾರೆ."

"ಅವ್ರೇನ್ ಮಾಡಾರು ಪಾಪ. ಬುಡಿ ಅನ್ನು."

ಹಾಗೆಂದು ತನ್ನ ಕೈಚೀಲದಿಂದ ಒಂದು ರೇಷ್ಮೆ ಸೀರೆ ಹೊರಗೆ ತೆಗೆದಳು. ಜಪಾನಿನವರಿಗೆ ತೋರಿಸಬೇಕೆಂದು ತಂದಿದ್ದ ಅವಳ ಮದುವೆಯ ಸೀರೆ. ಅದನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ, ನನ್ನ ಸ್ವೆಟರನ್ನೂ ಕಸಿದು ಅದರ ಮೇಲಿಟ್ಟು, "ಉಡಕ್ಕಂತೂ ಆಗಲ್ಲ, ಕುಂತ್ಕಳಕಾರ ಆಗ್ಲಿ" ಎಂದಳು. ನಾನು ನಗಲಿಲ್ಲ. ಅವಳು ನಕ್ಕಳು.

ಹೊರಗೆ ನಮ್ಮನ್ನು ಕರೆಸಿಕೊಂಡ ಯೋಕೊ ಸಾನ್ ಕಾಯುತ್ತಿದ್ದರು. ಸಾನ್ ಎಂಬುದು ಹೆಸರಿನ ಕೊನೆಗೆ ಅವರು ಹಚ್ಚುವ ಗೌರವ. ಯೋಕೊ ಸಾನ್‌ಗೆ ಪೆಟ್ಟಾಗಿರುವುದು ಕತ್ತಿನ ಹತ್ತಿರ. ಕೈಗಳಲ್ಲಿ ಅಷ್ಟಿಷ್ಟು ಬಲವಿದೆ, ಬೆರಳುಗಳಲ್ಲಿ ಇಲ್ಲ. ಮಣಿಕಟ್ಟಿನಿಂದ ಒಂದು ಗುಬುಟು ಒತ್ತಿ ಮೋಟಾರು ಕುರ್ಚಿ ಓಡಿಸುತ್ತಾರೆ. ಅವರು ನಮಸ್ಕಾರಕ್ಕೂ ಮೊದಲು ನೋಡಿದ್ದು ಭಾಗ್ಯಳ ಕುರ್ಚಿಯ ಸೀಟನ್ನು. ಹುಬ್ಬು ಮೇಲೆತ್ತಿ, ಗಲ್ಲವನ್ನೂ ಮೇಲೆತ್ತಿದರು. ಭಾಗ್ಯ ತಕ್ಷಣ ಎರಡು ಚಕ್ರಗಳ ಮೇಲೂ ಕೈಯೂರಿ ಮೈಯನ್ನು ಸೀಟಿನಿಂದ ಎತ್ತಿ ಹಿಡಿದಳು. ಆಗಾಗ ಹೀಗೆ ಎತ್ತಿಕೊಂಡರೆ ಹುಣ್ಣಾಗುವುದಿಲ್ಲ. ಪಾಂಡವಪುರದ ನಮ್ಮ ಕೂಟದಲ್ಲಿ ಮಾತಿನ ನಡುವೆ ಯಾರಾದರೊಬ್ಬರು "ಎತ್ರಪ್ಪಾ" ಎಂದು ಕೂಗುತ್ತಾರೆ, ಎಲ್ಲರೂ ಒಟ್ಟಿಗೆ ಏಳುತ್ತೇವೆ. ಆ ಮಾತನ್ನು ಕನ್ನಡ ಬಾರದ ಒಬ್ಬರು ಬರೀ ಗಲ್ಲದಲ್ಲಿ ಹೇಳಿದ್ದು ನೋಡಿ ನನಗೆ ಪರದೇಶದ ಅಂಜಿಕೆ ಅರ್ಧ ಇಳಿಯಿತು. ರೈಲು ಹತ್ತುವ ಹೊತ್ತಿಗೆ ಯಾರೋ ಒಂದು ಬದಲಿ ಮೆತ್ತೆ ತಂದುಕೊಟ್ಟು ಹೋದರು.

ಪಾಂಡವಪುರ

ಹೊರಟದ್ದು ಹೇಗೆಂಬುದನ್ನು ಇಲ್ಲಿ ಹೇಳಬೇಕು.

ನಾನು ವಿಜಯಾ, ಶ್ರೀರಂಗಪಟ್ಟಣದ ಕೋಟೆಯೊಳಗಿನವಳು. ಅಪ್ಪ ದೇವಸ್ಥಾನದ ಪಾಕಶಾಲೆಯಲ್ಲಿದ್ದರು. ನಾನು ಬಾಬುರಾಯನಕೊಪ್ಪಲಿನ ಆಚೆಗಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಕಬ್ಬು ಕಡಿಯುವ ಕಾಲದ ಒಂದು ಬೆಳಿಗ್ಗೆ, ಟ್ರಾಕ್ಟರಿನಿಂದ ರಸ್ತೆಗೆ ಉದುರಿದ್ದ ಜಲ್ಲೆಗಳ ಮೇಲೆ ನನ್ನ ಸ್ಕೂಟರು ಜಾರಿತು. ಆಮೇಲೆ ನಾನು ನಡೆಯಲಿಲ್ಲ. ಅಂದಿನಿಂದ ಸ್ನಾನ, ಬಟ್ಟೆ, ರಾತ್ರಿ ಮಗ್ಗುಲು ತಿರುಗಿಸುವುದು ಎಲ್ಲ ಅಮ್ಮನದೇ. ಅಮ್ಮ ಒಂದು ದಿನವೂ ಬೇಸರ ತೋರಿಸಿದವಳಲ್ಲ. ಹಾಗಾಗಿಯೇ ಅಮ್ಮನಿಲ್ಲದ ಒಂದು ಗಂಟೆ ಬೇಕು ಎಂದು ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಭಾಗ್ಯಳ ತವರು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹತ್ತಿರ. ಕೊಟ್ಟದ್ದು ಕೆ.ಆರ್. ಪೇಟೆ ಕಡೆ, ಹೇಮಗಿರಿಯ ಪಕ್ಕದ ಒಂದು ಹಳ್ಳಿಗೆ. ಗಂಡನ ಮನೆಯಲ್ಲಿ ಹುಲ್ಲಿನ ಮೆದೆ ಹತ್ತಿ ಹುಲ್ಲು ಎಳೆಯುತ್ತಿದ್ದವಳು ಹಿಂದಕ್ಕೆ ಬಿದ್ದಳು. ಮಗಳು ಸಿಂಚನ ಆಗಿನ್ನೂ ಎದೆಹಾಲು ಬಿಟ್ಟಿರಲಿಲ್ಲ. ಆಸ್ಪತ್ರೆಯಿಂದ ಭಾಗ್ಯಳನ್ನು ನೇರ ತವರಿಗೆ ಕರೆತಂದರು, ಮಗು ಗಂಡನ ಮನೆಯಲ್ಲೇ ಉಳಿಯಿತು. ಗಂಡ ಇನ್ನೊಂದು ಮದುವೆಯಾದ. ಹೊಸ ಹೆಂಡತಿ ರೂಪಾ ಮಗುವನ್ನು ಚೆನ್ನಾಗಿಯೇ ನೋಡಿಕೊಂಡಳು, ಮಗು ಅವಳನ್ನೇ ಅಮ್ಮ ಎಂದಿತು. ವರ್ಷಕ್ಕೆ ಯಾವಾಗಲಾದರೊಮ್ಮೆ ಯಾರಾದರೂ ಕರೆದುಕೊಂಡು ಬಂದರೆ ಭಾಗ್ಯಳನ್ನು ಅದು ಕರೆಯುತ್ತಿದ್ದುದು "ದೇವಲಾಪುರದವ್ವ" ಎಂದು. ಮೊದಲ ಸಲ ಹಾಗೆ ಕರೆದಾಗ ಎಲ್ಲರೂ ನಕ್ಕರಂತೆ. ಅವಳೂ ನಕ್ಕಳಂತೆ.

ಪಾಂಡವಪುರದಲ್ಲಿ ನಮ್ಮಂಥವರು ತಿಂಗಳಿಗೊಮ್ಮೆ ಸೇರುತ್ತೇವೆ. ಸುತ್ತಲ ತಾಲ್ಲೂಕುಗಳಿಂದ ಆಟೋದಲ್ಲಿ, ವ್ಯಾನಿನಲ್ಲಿ ಬರುತ್ತಾರೆ. ಕುರ್ಚಿಯಿಂದ ಮಂಚಕ್ಕೆ ಹೇಗೆ ಜರುಗಬೇಕು, ಮೂತ್ರದ ಪೈಪು ಹೇಗೆ ಶುಚಿಯಾಗಿಡಬೇಕು ಎಂದು ಒಬ್ಬರಿಗೊಬ್ಬರು ತೋರಿಸಿಕೊಡುತ್ತೇವೆ. ಒಂದು ಸಲ ಅಲ್ಲಿಗೆ ಜಪಾನಿನ ಇಂಥದೇ ಕೂಟದಿಂದ ಯೋಕೊ ಸಾನ್ ಬಂದರು. ಇಡೀ ದಿನ ನಮ್ಮ ಜೊತೆಗಿದ್ದು, ಹೊರಡುವಾಗ ನಮ್ಮಲ್ಲಿ ಇಬ್ಬರು ತಮ್ಮ ಊರಿಗೆ ಬಂದು ಕೆಲವು ವಾರ ಇರಬೇಕು ಎಂದು ಕರೆದರು. ಖರ್ಚು ಅವರ ಕೂಟದ್ದು. ಆದರೆ ಮನೆಯವರು ಯಾರೂ ಜೊತೆಗೆ ಬರಕೂಡದು, ಬೇಕಾದ ಸಹಾಯಕ್ಕೆ ಅಲ್ಲಿ ಜನರಿದ್ದಾರೆ ಎಂದರು. ನನಗೆ ಇಂಗ್ಲಿಷ್ ಬರುತ್ತದೆಂದು ನನ್ನನ್ನು, ಯಾವುದಕ್ಕೂ ಹೆದರುವುದಿಲ್ಲವೆಂದು ಭಾಗ್ಯಳನ್ನು ಕೂಟ ಆರಿಸಿತು.

ಅಮ್ಮ ಕೇಳಿದ್ದು ಒಂದೇ ಮಾತು. "ಯಾರೋ ಗುರುತಿಲ್ಲದೋರು ಬಂದು ನಿನಗೆ ನೀರು ಹಾಕ್ತಾರೇನೇ ವಿಜಿ?"

"ಹೂಂ ಅಮ್ಮ."

"ನನ್ನ ಕೈಲಿ ಇನ್ನೂ ಆಗತ್ತಲ್ಲೇ," ಎಂದಳು. ಆಮೇಲೆ ನನ್ನ ಪೆಟ್ಟಿಗೆಗೆ ಚಟ್ನಿಪುಡಿ ತುಂಬಲು ಕೂತಳು.

ಸರೋವರದ ಊರು

ನಾವು ಹೋದದ್ದು ಬಿವಾ ಎಂಬ ದೊಡ್ಡ ಸರೋವರದ ದಂಡೆಯ ಒಂದು ಚಿಕ್ಕ ಊರಿಗೆ. ಕನ್ನಂಬಾಡಿಯ ಹಿನ್ನೀರು ತುಂಬಿದಾಗ ಆಚೆ ದಡ ಮಸುಕಾಗುತ್ತದಲ್ಲ, ಹಾಗೆ. ಆದರೆ ಇಲ್ಲಿ ಆಚೆ ದಡವೇ ಇಲ್ಲವೇನೋ ಅನ್ನಿಸುತ್ತದೆ.

ರೈಲು ಹತ್ತುವಾಗ ಬಿಳಿ ಕೈಗವಸಿನ ಸಿಬ್ಬಂದಿಯೊಬ್ಬ ಮಡಿಸಿದ ಹಲಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಪ್ಲಾಟ್‌ಫಾರಮ್ಮಿಗೂ ರೈಲಿಗೂ ನಡುವೆ ಅದನ್ನು ಹಾಸಿ, ನಾವು ಒಳಗೆ ಹೋದ ಮೇಲೆ ಟೋಪಿ ಮುಟ್ಟಿ ನಿಂತ. ನಾವಿಳಿಯುವ ಊರಿನಲ್ಲಿ ಅಂಥದೇ ಹಲಗೆ ಹಿಡಿದು ಇನ್ನೊಬ್ಬ ನಿಂತಿದ್ದ. ಯಾರೂ ನಮ್ಮನ್ನು ಮುಟ್ಟಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಾದರೆ "ಒಂದ್ಕೈ ಹಾಕ್ರಪ್ಪಾ" ಎಂದು ಕಂಡಕ್ಟರು ಕೂಗುತ್ತಲೇ ನಾಲ್ಕಾರು ಜನ ಎದ್ದು ಕುರ್ಚಿ ಸಮೇತ ಎತ್ತುತ್ತಾರೆ. ಒಬ್ಬ ಕಾಲು ಹಿಡಿದರೆ ಇನ್ನೊಬ್ಬ ಕಂಕುಳಿಗೆ ಕೈ ಹಾಕುತ್ತಾನೆ. ಇಳಿಯುವಷ್ಟರಲ್ಲಿ ಇಡೀ ಬಸ್ಸಿಗೆ ನಮ್ಮ ಕಥೆ ಗೊತ್ತಾಗಿರುತ್ತದೆ.

"ಇಷ್ಟ್ ದೂರ ಬಂದ್ವಿ," ಎಂದಳು ಭಾಗ್ಯ, ರೈಲಿನಲ್ಲಿ ತಂತಮ್ಮ ಫೋನು ನೋಡುತ್ತಿದ್ದವರನ್ನು ಒಮ್ಮೆ ನೋಡಿ. "ಏನಾಯ್ತವ್ವ ಕಾಲ್ಗೆ ಅಂತ ಒಬ್ರೂ ಕೇಳ್ನಿಲ್ವಲ್ಲಕ್ಕ."

"ಊರಲ್ಲಿ ಎಲ್ಲರೂ ಕೇಳ್ತಾರೆ ಅಂತ ಬೈತಿದ್ದೆ ನೀನು."

"ಬೈತಿದ್ದೆ. ಆದ್ರೂ ಒಬ್ರಾರ ಕೇಳ್ಬಾರ್ದಾ?"

ನನಗೆ ಕೊಟ್ಟ ಕೋಣೆಗೆ ಒಳಗಿನಿಂದ ಚಿಲಕವಿತ್ತು. ಸ್ನಾನದ ಮನೆಗೂ ಇತ್ತು. ಸಹಾಯಕಿಯಾಗಿ ಬಂದ ಗಟ್ಟಿಮುಟ್ಟಾದ ಹೆಂಗಸು ನನ್ನನ್ನು ಸ್ನಾನದ ಆಸನಕ್ಕೆ ಜರುಗಿಸಿ, ನೀರಿನ ಕೊಳವೆಯನ್ನು ಕೈಗೆ ಕೊಟ್ಟು, ಸೋಪು ಕೈಗೆಟಕುವಲ್ಲಿಟ್ಟು, ಕದ ಎಳೆದುಕೊಂಡು ಹೊರಗೆ ಹೋಗಿ ನಿಂತಳು. ಕರೆದರೆ ಬರುತ್ತಾಳೆ. ಕರೆಯದಿದ್ದರೆ ಬರುವುದಿಲ್ಲ. ಅಪಘಾತವಾದ ಮೇಲೆ ಮುಚ್ಚಿದ ಕದದ ಹಿಂದೆ ನಾನು ಮಾಡಿದ ಮೊದಲ ಸ್ನಾನ ಅದು. ನೀರು ಬಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ. ಎಷ್ಟು ಸುಖವಾಗಿತ್ತೆಂದರೆ ಅಳು ಬಂತು. ಅದೇ ಹೊತ್ತಿಗೆ ಬೆನ್ನು ಉಜ್ಜುತ್ತ ಗೊಣಗುವ ಅಮ್ಮನ ದನಿ ಇಲ್ಲದೆ ಕಿವಿ ಬಿಕೋ ಎನ್ನುತ್ತಿತ್ತು.

ಭಾಗ್ಯಳ ಏಕಾಂತ ಮಾತ್ರ ಹೆಚ್ಚು ದಿನ ಕೆಡದೆ ಉಳಿಯಲಿಲ್ಲ. ಮಾರನೆಯ ದಿನ ರೈಲು ನಿಲ್ದಾಣದ ಶೌಚಾಲಯದಲ್ಲಿ ಭಾಗ್ಯ ಟವೆಲು ಒಣಗಿಸುವ ದಾರವೆಂದು ಕೆಂಪು ಹಗ್ಗವೊಂದನ್ನು ಜಗ್ಗಿದಳು. ಅದು ಅಪಾಯದ ಗಂಟೆ. ಗಂಟೆ ಕಿರುಚಿತು, ದೀಪ ಮಿನುಗಿತು, ಸ್ಟೇಷನ್ನಿನ ಅರ್ಧ ಸಿಬ್ಬಂದಿ ಓಡಿಬಂದು ಬಾಗಿಲ ಹೊರಗೆ ನಿಂತು ಏನೇನೋ ಕೇಳಿದರು. ಒಳಗಿನಿಂದ ಭಾಗ್ಯ, "ಏನಿಲ್ಲ ಕಣ್ರಪ್ಪಾ, ಓಗಿ ಓಗಿ" ಎಂದು ಕೂಗಿದಳು. ಅವರಿಗೆ ಅದು ಚೀತ್ಕಾರದಂತೆ ಕೇಳಿಸಿರಬೇಕು. ಕದ ತೆಗೆದೇಬಿಟ್ಟರು. ಆಮೇಲೆ ಎಲ್ಲರೂ ಸಾಲಾಗಿ ನಿಂತು ಅವಳಿಗೇ ಬಗ್ಗಿ ಕ್ಷಮೆ ಕೇಳಿದರು.

ಯೋಕೊ ಸಾನ್ ಮನೆ

ಭಾಗ್ಯಳಿಗೆ ಇಂಗ್ಲಿಷ್ ಬಾರದು. ನಾನಿಲ್ಲದಾಗ ಮಾತಾಡಲು ಅವಳ ಫೋನಿಗೆ ಭಾಷಾಂತರ ಮಾಡುವ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಅದಕ್ಕೆ ಪುಸ್ತಕದ ಕನ್ನಡ ಬರುತ್ತಿತ್ತು, ಭಾಗ್ಯಳ ಕನ್ನಡ ಬರುತ್ತಿರಲಿಲ್ಲ. ಯೋಕೊ ಸಾನ್ ಮನೆಯಲ್ಲಿ ಸಹಾಯಕಿ ಮತ್ತೆ ಮತ್ತೆ ಅನ್ನ ಬಡಿಸಲು ಬಂದಾಗ ಇವಳು ಫೋನಿಗೆ "ಬುಡವ್ವ, ಸಾಕು" ಎಂದಳು. ಫೋನು ಜಪಾನಿಯಲ್ಲಿ ಏನೋ ಹೇಳಿತು. ಸಹಾಯಕಿ ಕಿಟಕಿಯಾಚೆಗಿನ ಮರಗಳನ್ನು ನೋಡಿ, ಮತ್ತೆ ಭಾಗ್ಯಳನ್ನು ನೋಡಿ ತಬ್ಬಿಬ್ಬಾದಳು. ಫೋನು ಮರದ ಬುಡದ ವಿಷಯ ಹೇಳಿತ್ತು.

"ಇದ್ಕೆ ನಮ್ ಮಾತೇ ತಿಳಿಯಕ್ಕಿಲ್ಲ ಕಣಕ್ಕ. ನಿಮ್ ಕೋಟೆ ಒಳ್ಗಿನ್ ಮಾತಾಡ್ಬೇಕಂತೆ," ಎಂದು ಫೋನನ್ನು ಚೀಲಕ್ಕೆ ತುರುಕಿದಳು.

ಯೋಕೊ ಸಾನ್ ಒಬ್ಬರೇ ಇರುತ್ತಾರೆ. ಹರೆಯದಲ್ಲಿ ಜಾರುಬಂಡೆಯಂಥ ಹಿಮದ ಇಳಿಜಾರಿನಲ್ಲಿ ಬಿದ್ದು ಕತ್ತು ಮುರಿದುಕೊಂಡವರು. ಪಾಳಿಯ ಮೇಲೆ ಸಹಾಯಕರು ಬಂದುಹೋಗುತ್ತಾರೆ. ಯಾವಾಗ ಏಳಬೇಕು, ಏನು ಅಡಿಗೆ, ಯಾವ ಬಟ್ಟೆ ಎಂಬುದನ್ನೆಲ್ಲ ಇವರೇ ಹೇಳುತ್ತಾರೆ. ಅವರು ಕೈಗಳಾಗುತ್ತಾರೆ, ಅಷ್ಟೇ. ಅಂದು ಚಹಾ ಮಾತ್ರ ಯೋಕೊ ಸಾನ್ ತಾವೇ ಬಗ್ಗಿಸಿದರು. ಕೆಟಲು ಒಂದು ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂತಿತ್ತು. ಮಣಿಕಟ್ಟಿನಿಂದ ಅದರ ಹಿಂಬದಿ ತಳ್ಳಿದರೆ ಮೂತಿ ಬಾಗುತ್ತಿತ್ತು. ಚೆಲ್ಲಿತು. ಚೆಲ್ಲಿದ್ದನ್ನು ಒರೆಸಲು ಸಹಾಯಕಿ ಬರಲಿಲ್ಲ, ಇವರೂ ಕರೆಯಲಿಲ್ಲ.

ನಾನು ಅಮ್ಮನ ವಿಷಯ ಹೇಳಿದೆ. ಹೋದ ದಿನದಿಂದ ಫೋನು ಮಾಡಿದಾಗಲೆಲ್ಲ ಅಮ್ಮ, "ರಾತ್ರಿ ಎಚ್ಚರ ಆಗಿ ನಿನ್ನ ಮಂಚಕ್ಕೆ ಹೋಗಿ ತಡವ್ತೀನಿ ಕಣೇ, ಆಮೇಲೆ ನೆನಪಾಗತ್ತೆ" ಅನ್ನುತ್ತಾಳೆ. ಅವಳಿಗೆ ನಿದ್ದೆ ಕೊಡೋಣವೆಂದು ಬಂದೆ, ಅವಳು ನಿದ್ದೆ ಮಾಡುತ್ತಿಲ್ಲ ಎಂದೆ.

ಯೋಕೊ ಸಾನ್ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುತ್ತಾರೆ. ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ತಾಯಿಯ ಮನೆ ಬಿಟ್ಟು ಬಂದಾಗ ಅವರ ತಾಯಿ ತುಂಬ ದಿನ ಮಾತು ಬಿಟ್ಟಿದ್ದರು. ಆಮೇಲೆ ಒಂದು ದಿನ ಉಪ್ಪಿನಕಾಯಿಯ ಡಬ್ಬಿ ಹಿಡಿದುಕೊಂಡು, ಬೇರೆಯವರ ಮನೆಗೆ ಬರುವವರ ಹಾಗೆ, ಬೆಲ್ಲು ಒತ್ತಿ ಬಾಗಿಲಲ್ಲಿ ನಿಂತರು. "ಅವತ್ತು ಜೀವನದಲ್ಲಿ ಮೊದಲ ಸಲ ನಾನು ನನ್ನ ತಾಯಿಗೆ ಚಹಾ ಕೊಟ್ಟೆ. ಅವರ ಸೀರಿಯಸ್ಸಾದ ಕಾಯಿಲೆ ಶುರುವಾಗುವವರೆಗೂ ಪ್ರತಿ ವಾರ ಬರ್ತಿದ್ದರು. ಹೊರಡುವಾಗ ಅವರಿಗೆ ನನ್ನನ್ನು ಬಿಟ್ಟು ಹೋಗೋದಕ್ಕೆ ಕಷ್ಟ ಆಗ್ತಿತ್ತು, ನನಗೂ ಆಗ್ತಿತ್ತು. ಮೊದಲು ಒಂದೇ ಮನೆಯಲ್ಲಿದ್ದಾಗ ಆ ಥರ ಆಗೋದಕ್ಕೆ ಸಂದರ್ಭವೇ ಇರಲಿಲ್ಲ."

ನನ್ನ ಅಮ್ಮ ಅತಿಥಿಯಾಗಿ ನನ್ನೆದುರು ಕೂತು ಕಾಫಿ ಕುಡಿಯುವುದನ್ನು ನೆನೆಸಿಕೊಳ್ಳಲು ನೋಡಿದೆ. ಆಗಲಿಲ್ಲ. ಕಲ್ಪನೆಯಲ್ಲಿ ಕೂಡ ಅವಳು ಎದ್ದು ನನ್ನ ಕಾಲು ಸರಿಪಡಿಸಲು ಬರುತ್ತಿದ್ದಳು.

ಹಾರುಮಿಯ ಅಡಿಗೆಮನೆ

ಒಂದು ಭಾನುವಾರ ಯೋಕೊ ಸಾನ್ ನಮ್ಮನ್ನು ಹಾರುಮಿ ಎಂಬ ಹೆಂಗಸಿನ ಮನೆಗೆ ಕರೆದೊಯ್ದರು. ಅವಳೂ ನಮ್ಮ ಹಾಗೆಯೇ, ಸೊಂಟದ ಕೆಳಗೆ ಸ್ಪರ್ಶವಿಲ್ಲ. ಊರಿನ ನಗರಸಭೆಯಲ್ಲಿ ಕೆಲಸ, ಮೇ ಎಂಬ ಪುಟ್ಟ ಮಗಳು. ಗಂಡ ಕೆಲಸದ ಮೇಲೆ ಬೇರೆ ಊರಿನಲ್ಲಿರುತ್ತಾನೆ.

ಅಡಿಗೆಕಟ್ಟೆ ಅವಳ ಎದೆಯ ಮಟ್ಟಕ್ಕಿತ್ತು, ಕೆಳಗೆ ಕುರ್ಚಿ ನುಗ್ಗುವಷ್ಟು ಜಾಗ ಬಿಟ್ಟಿದ್ದರು. ಅವಳು ಮೂಲಂಗಿ ಹೆಚ್ಚುತ್ತಿದ್ದಳು. ಮಗು ಹಿತ್ತಲಿನಿಂದ ಓಡಿಬರುತ್ತ ಹೊಸ್ತಿಲು ಎಡವಿ ಬಿದ್ದು ಕಿರುಚಿತು. ಬಾಗಿಲ ಹತ್ತಿರವೇ ಸಹಾಯಕಿ ಇದ್ದಳು. ಅವಳು ಎತ್ತಲಿಲ್ಲ. ಮಗುವೂ ಅವಳ ಕಡೆ ನೋಡಲಿಲ್ಲ. ಅಳುತ್ತ ಎದ್ದು, ತಾಯಿಯ ಕುರ್ಚಿಯ ಪಾದದ ಹಲಗೆಯ ಮೇಲೆ ಒಂದು ಕಾಲಿಟ್ಟು, ಚಕ್ರದ ಮೇಲೆ ಇನ್ನೊಂದಿಟ್ಟು, ಮೆಟ್ಟಿಲು ಹತ್ತುವ ಹಾಗೆ ಹತ್ತಿ ಮಡಿಲಲ್ಲಿ ಕೂತು, ಕತ್ತಿಗೆ ಎರಡೂ ಕೈ ಬಿಗಿದುಕೊಂಡು ಅಳು ಮುಂದುವರಿಸಿತು. ಹಾರುಮಿ ಚಾಕು ಬದಿಗಿಟ್ಟಳು.

ಭಾಗ್ಯ ಕುರ್ಚಿಯನ್ನು ನನ್ನ ಪಕ್ಕಕ್ಕೆ ತಳ್ಳಿಕೊಂಡು ಬಂದಳು. ನನಗೆ, "ಅವ್ಳನ್ ಕೇಳಕ್ಕ, ಕೂಸು ಎಳೇದಾಗಿದ್ದಾಗ ಎಂಗ್ ಎತ್ಕತಿದ್ಲು ಅಂತ" ಎಂದಳು. ನಾನು ಯೋಕೊ ಸಾನ್‌ಗೆ ಇಂಗ್ಲಿಷಿನಲ್ಲಿ ಕೇಳಿದೆ, ಅವರು ಹಾರುಮಿಗೆ ಜಪಾನಿಯಲ್ಲಿ ಕೇಳಿದರು. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿತು.

"ಚಕ್ರ ತಳ್ಳೋದಕ್ಕೆ ಎರಡೂ ಕೈ ಬೇಕಲ್ಲ, ಹಾಗಾಗಿ ನಾನು ಹಿಡಿದುಕೊಳ್ತಿರಲಿಲ್ಲ. ಬಟ್ಟೆಯಲ್ಲಿ ಕಟ್ಟಿಕೊಳ್ತಿದ್ದೆ. ಆಮೇಲೆ ಅವಳೇ ಹಿಡಿದುಕೊಳ್ಳೋದು ಕಲಿತಳು. ಬೇರೆ ಕೂಸುಗಳು ಎತ್ತಿಕೊಂಡಾಗ ಸಡಿಲ ಇರುತ್ತವೆ. ಇವಳು ನನ್ನ ಹತ್ತಿರ ಮಾತ್ರ ಬಿಗಿ ಹಿಡಿಯೋಳು, ಅಜ್ಜಿ ಹತ್ತಿರ ಸಡಿಲವಾಗೇ ಇರೋಳು."

ಭಾಗ್ಯಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ಊಟಕ್ಕೆ ಕೂತಾಗ ಬಟ್ಟಲಿಗೆ ಕೈಹಚ್ಚಲಿಲ್ಲ. ಹಾರುಮಿ ಗಾಬರಿಯಾಗಿ, ಮೀನು ಇಲ್ಲ, ಬರೀ ತರಕಾರಿ ಎಂದು ಮೂರು ಭಾಷೆ ದಾಟಿಸಿ ಹೇಳಿಸಿದಳು.

"ಊಟ್ದಲ್ ಏನಿಲ್ಲ ಅಂತ ಏಳು," ಎಂದಳು ಭಾಗ್ಯ. ಆಮೇಲೆ ನನಗೊಬ್ಬಳಿಗೆ ಕೇಳಿಸುವ ಹಾಗೆ, "ಆಸ್ಪತ್ರೆಗೆ ಒಂದ್ ದಿನ ಕರ್ಕಬಂದಿದ್ರು ಕಣಕ್ಕ. ಮಂಚ ಹತ್ತಕ್ ಬಂತು ಕೂಸು. ಅವ್ವನ್ ತುಳ್ದಾಕ್ಬುಡ್ತಳೆ ಅಂತ ಎಳ್ಕಂಡ್ರು. ನಾನೂ ಎಳ್ಕಳಿ ಅಂದೆ. ನಂಗೆ ಸೊಂಟದ್ ಕೆಳೀಕೆ ಏನೂ ಗೊತ್ತಾಗಲ್ಲ. ತುಳಿದಿದ್ರೆ ಏನಾಗ್ತಿತ್ತು?" ಎಂದಳು.

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಸರೋವರದ ದಂಡೆ

ಹೊರಡುವ ಹಿಂದಿನ ದಿನ ಯೋಕೊ ಸಾನ್ ಜೊತೆ ಸರೋವರದ ದಂಡೆಗೆ ಹೋದೆವು. ಮರದ ಹಲಗೆಯ ದಾರಿಯೊಂದು ನೀರಿನವರೆಗೂ ಇಳಿಜಾರಾಗಿ ಹೋಗುತ್ತದೆ. ಕುರ್ಚಿಯಲ್ಲೇ ಕೂತು ನೀರಿಗೆ ಕಾಲಿಳಿಬಿಡಬಹುದು. ನಮ್ಮ ಶ್ರೀರಂಗಪಟ್ಟಣದಲ್ಲಿ ಹೊಳೆ ನನ್ನ ಮನೆಯಿಂದ ಕೂಗಳತೆಯಲ್ಲಿದೆ. ಅಪಘಾತವಾದ ಮೇಲೆ ಅದನ್ನು ಸೇತುವೆಯ ಮೇಲಿಂದ, ಸ್ನಾನಘಟ್ಟದ ಮೇಲಿನ ಮೆಟ್ಟಿಲಿಂದ ನೋಡಿದ್ದೇನೆಯೇ ಹೊರತು ಮುಟ್ಟಿಲ್ಲ. ಇಲ್ಲಿ ಯಾವುದೋ ದೇಶದ ನೀರಿನೊಳಗೆ ನನ್ನ ಬಿಳಿಚಿದ ಪಾದಗಳು ಯಾರದೋ ಪಾದಗಳಂತೆ ತೇಲಿದವು. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲು ಕೈ ಅದ್ದಬೇಕಾಯಿತು. ಕಾವೇರಿಯಾಗಿದ್ದರೆ ಕೈ ಅದ್ದದೆಯೇ ಹೇಳುತ್ತಿದ್ದೆ ಅನ್ನಿಸಿತು. ಅದು ನಿಜವಲ್ಲ, ಆದರೂ ಅನ್ನಿಸಿತು.

"ಏಮಗಿರೀಲಿ ಬಟ್ಟೆ ಒಗ್ಯಕ್ ಓಯ್ತಿದ್ದೆ," ಎಂದಳು ಭಾಗ್ಯ. "ಇಂಗೇ ಕಾಲ್ ಬುಟ್ಕಂಡ್ ಕುಂತ್ರೆ ಮೀನ್ ಮರಿ ಬಂದ್ ಕಚ್ಚವು." ನೀರು ನೋಡುತ್ತ ಇದ್ದಕ್ಕಿದ್ದಂತೆ ಫೋನು ತೆಗೆದು ರೂಪಾಳಿಗೆ ವಿಡಿಯೋ ಕರೆ ಮಾಡಿದಳು. ಭಾರತದಲ್ಲಿ ಮಧ್ಯಾಹ್ನ, ಶಾಲೆಗೆ ರಜೆ. ರೂಪಾ ಫೋನನ್ನು ಸಿಂಚನಳ ಕೈಗೆ ಕೊಟ್ಟಳು. ಹತ್ತು ವರ್ಷದ ಹುಡುಗಿಯ ಹಣೆ ಮತ್ತು ಒಂದು ಕಣ್ಣು ಕಾಣಿಸಿದವು.

"ದೇವಲಾಪುರದವ್ವಾ, ಅದು ಸಮುದ್ರನಾ?"

"ಕೆರೆ ಕಣವ್ವ. ನೋಡು, ಎಷ್ಟ್ ದೊಡ್ಡದದೆ."

"ಅಲ್ಲಿಗಂಟ ಎಂಗೋದೆ?"

"ಇಮಾನದಲ್ಲಿ. ಆಮ್ಯಾಲೆ ರೈಲಲ್ಲಿ. ಆಮ್ಯಾಲೆ ಈ ಗಾಡೀಲೇ ತಳ್ಕಂಡು."

ಹುಡುಗಿ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು. "ಅಷ್ಟ್ ದೂರ ಓಗಕ್ ಆಯ್ತದೆ. ನಮ್ಮೂರ್ಗೆ ಬರಕ್ಕಾಗಕಿಲ್ವಾ ನಿಂಗೆ?"

ಕೆಣಕುವ ದನಿಯಲ್ಲ ಅದು. ತಿಳಿದುಕೊಳ್ಳಬೇಕೆಂದು ಕೇಳಿದ್ದು. ಅಷ್ಟರಲ್ಲಿ ಚಿತ್ರ ಅಲ್ಲಾಡಿ ಕರೆ ಕಡಿದುಹೋಯಿತು.

ಭಾಗ್ಯ ಮತ್ತೆ ಕರೆ ಮಾಡಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು ನೀರಿನ ಕಡೆ ನೋಡುತ್ತ ಕೂತಳು. ಯೋಕೊ ಸಾನ್ ನಮ್ಮಿಂದ ದೂರಕ್ಕೆ ಕುರ್ಚಿ ತಿರುಗಿಸಿಕೊಂಡರು. ಅವರಿಗೆ ಒಂದು ಪದವೂ ಅರ್ಥವಾಗಿರಲಿಲ್ಲ.

"ಕೇಳಿದ್ದು ನ್ಯಾಯವೇ ಕಣಕ್ಕ," ಎಂದಳು ಕೊನೆಗೆ. "ಯಾರಾರ ಕರ್ಕಬರ್ಲಿ, ಕರ್ಕಬರ್ಲಿ ಅಂತ ಇಷ್ಟ್ ವರ್ಸ ಕಾಯ್ಕಂಡ್ ಕುಂತಿದ್ದೆ. ನಾನೇ ಓಗಬೌದು ಅಂತ ತಲೆಗೇ ಒಳೀನಿಲ್ಲ."

ಶ್ರೀರಂಗಪಟ್ಟಣ

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನನ್ನ ಕಾಲು, ಬೆನ್ನು, ಮೊಣಕೈ ಎಲ್ಲ ತಡವಿ ನೋಡಿದಳು. ಎಲ್ಲಿಯೂ ಒಂದು ಗಾಯವಿಲ್ಲದ್ದು ಕಂಡು ಅ‍ವಳಿಗೆ ಸಮಾಧಾನವೂ ಆಯಿತು, ಸ್ವಲ್ಪ ಪೆಚ್ಚೂ ಆಯಿತು.

ಬೆಳಗಿನ ಕೆಲಸಕ್ಕೆ ಬಾಬುರಾಯನಕೊಪ್ಪಲಿನ ರತ್ನಮ್ಮ ಎಂಬುವರನ್ನು ಗೊತ್ತು ಮಾಡಿದೆ. ಅಮ್ಮ ವಾರವಿಡೀ ಅವರ ಹಿಂದೆ ಹಿಂದೆ ಓಡಾಡಿದಳು. "ಹಾಗೆ ಎತ್ತಬೇಡಿ, ಎಡಗಡೆ ಮೊದಲು" ಎಂದು ಬಾಗಿಲಾಚೆಯಿಂದಲೇ ಹೇಳುತ್ತಿದ್ದಳು. ಆಮೇಲೆ ಒಂದು ದಿನ ಮೈಸೂರಿನಲ್ಲಿ ಅಕ್ಕನ ಮಗಳ ಸೀಮಂತವೆಂದು ಹೊರಟು, ರಾತ್ರಿ ಅಲ್ಲೇ ಉಳಿಯುತ್ತೇನೆ, ಮಲಗಲು ರತ್ನಮ್ಮ ಬರುತ್ತಾರೆ ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಹೊರಗೆ ಉಳಿದದ್ದು. ನಾನು ಬಯಸಿದ್ದೇ ಅದು. ಆದರೆ ಅಂದು ಸಂಜೆ ದೇವಸ್ಥಾನದ ಗಂಟೆ ಕೇಳಿಸಿದಾಗ ಅಭ್ಯಾಸದಂತೆ "ಅಮ್ಮಾ, ದೀಪ ಹಚ್ಚಿದ್ಯಾ?" ಎಂದು ಕರೆದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಿತು. ಮಾರನೆಯ ದಿನ ಅವಳು ಸೀಮಂತದ ಮೈಸೂರುಪಾಕು ಹಿಡಿದುಕೊಂಡು ಬಂದಾಗ ಅವಳು ಕೂತಳು, ನಾನು ಕಾಫಿ ಬೆರೆಸಿದೆ. ಸಕ್ಕರೆ ಹೆಚ್ಚಾಯಿತೆಂದಳು. ಎರಡು ಲೋಟ ಕುಡಿದಳು.

ಹೇಮಗಿರಿ

ಭಾಗ್ಯ ಗಂಡನ ಊರಿಗೆ ಹೊರಟಾಗ ಜೊತೆಗೆ ನಾನೂ ಹೋಗಿದ್ದೆ. ನಮ್ಮ ಕೂಟದ ವ್ಯಾನು, ಓಡಿಸುವವರು ಕೆಂಪಣ್ಣ. ಅವಳು ದಾರಿಯುದ್ದಕ್ಕೂ, "ನಾನೇನ್ ಕೇಳಕಿಲ್ಲ, ಕರ್ಕಂಡೋಯ್ತೀನಿ ಅನ್ನಕಿಲ್ಲ, ನೋಡ್ಕಂಡ್ ಬತ್ತೀನಿ ಅಷ್ಟೇಯ" ಎಂದು ಕೇಳದವರಿಗೆಲ್ಲ ಹೇಳುತ್ತಿದ್ದಳು.

ಮನೆಯ ಜಗಲಿ ಎತ್ತರದಲ್ಲಿತ್ತು. ಕುರ್ಚಿಗಳು ಬೀದಿಯಲ್ಲೇ ನಿಂತವು. ಒಳಗಿನಿಂದ ಒಬ್ಬ ಗಂಡಸು ಹೊರಬಂದು, ನಮ್ಮನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಗದ್ದೆಯ ಕಡೆ ಹೊರಟುಹೋದ. ಭಾಗ್ಯ ಅವನು ಹೋದ ದಿಕ್ಕಿಗೆ ತಿರುಗಲಿಲ್ಲ. ಅಕ್ಕಪಕ್ಕದ ಮನೆಗಳ ಹೆಂಗಸರು ಬಾಗಿಲಿಗೆ ಬಂದರು. ರೂಪಾ ಚೊಂಬಿನಲ್ಲಿ ನೀರು ತಂದಳು. ತೆಳ್ಳಗಿನ ಹೆಂಗಸು, ಕಣ್ಣೆತ್ತಿ ನೋಡಲು ಅಳುಕುತ್ತಿದ್ದಳು.

"ಒಳೀಕ್ ಬಾಕ್ಕ ಅನ್ನಕ್ಕೂ ಆಗ್ದಂಗೆ ಕಟ್ಟವ್ರೆ ಮನೇನ," ಎಂದಳು.

"ಇಲ್ಲೇ ಚೆಂದಾಗದೆ ಬುಡವ್ವ, ಗಾಳಿ ಬತ್ತದೆ," ಎಂದಳು ಭಾಗ್ಯ.

ಸಿಂಚನ ಕಂಬದ ಹಿಂದೆ ನಿಂತಿದ್ದಳು. ತಲೆಗೆ ನೀರು ಹಾಕಿಕೊಂಡು, ಕೂದಲು ಬಿಚ್ಚಿಕೊಂಡಿದ್ದಳು. ರೂಪಾ ಜಡೆ ಹಾಕಲೆಂದು ಎಣ್ಣೆಯ ಬಾಟಲಿ, ಬಾಚಣಿಗೆ ಜಗಲಿಯ ಮೇಲಿಟ್ಟಿದ್ದಳು. ಈಗ ಅವೆರಡನ್ನೂ ಎತ್ತಿ ತಂದು ಭಾಗ್ಯಳ ಮಡಿಲಲ್ಲಿಟ್ಟಳು. "ಓಗು ಸಿಂಚು," ಎಂದಳು.

ಹುಡುಗಿ ಇಳಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಕೊಟ್ಟು ಕೂತಳು. ಭಾಗ್ಯ ಕುರ್ಚಿ ಹತ್ತಿರಕ್ಕೆ ತಳ್ಳಿಕೊಂಡು, ಬ್ರೇಕು ಹಾಕಿ, ಅಂಗೈಗೆ ಎಣ್ಣೆ ಹುಯ್ದುಕೊಂಡು ನೆತ್ತಿಗೆ ತಟ್ಟಿದಳು. ಆಮೇಲೆ ಎಳೆ ಎಳೆಯಾಗಿ ಸಿಕ್ಕು ಬಿಡಿಸಿದಳು. ಜಡೆ ಹೆಣೆದಳು. ಸರಿಯಾಗಲಿಲ್ಲವೆಂದು ಬಿಚ್ಚಿದಳು. ಮತ್ತೆ ಹೆಣೆದು, ತುದಿಯವರೆಗೆ ಬಂದು, ಮತ್ತೆ ಬಿಚ್ಚಿದಳು. ನನಗೆ ಮೊದಲನೆಯದೇ ಚೆನ್ನಾಗಿ ಕಂಡಿತ್ತು.

"ಎಷ್ಟ್ ದಪ ಬಿಚ್ಚಿಬಿಚ್ಚಿ ಕಟ್ತೀಯ ದೇವಲಾಪುರದವ್ವ?"

"ಸುಮ್ಕೆ ಕುಂತ್ಕ. ವಾರೆ ಆಗ್ಬುಟ್ಟದೆ."

ಹುಡುಗಿ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಬೆನ್ನು ಹಿಂದಕ್ಕೆ ಜರುಗಿ ಭಾಗ್ಯಳ ಮೊಣಕಾಲಿಗೆ ಒರಗಿತು. ಭಾಗ್ಯಳಿಗೆ ಅದು ತಿಳಿಯುವಂತಿರಲಿಲ್ಲ. ಬಗ್ಗಿ ನೋಡಿದಾಗ ತಿಳಿಯಿತು. ಅವಳ ಕೈ ಒಂದು ಕ್ಷಣ ನಿಂತು, ಮತ್ತೆ ಹೆಣೆಯಲು ಶುರುಮಾಡಿತು.

ಹೊರಡುವಾಗ ರೂಪಾ ವ್ಯಾನಿನ ಕಿಟಕಿಯ ಹತ್ತಿರ ಬಂದು, "ಬ್ಯಾಸ್ಗೆ ರಜಕ್ಕೆ ಕಳುಸ್ತೀನಕ್ಕ. ಅವ್ರನ್ನ ನಾನ್ ಒಪ್ಪುಸ್ತೀನಿ" ಎಂದಳು.

"ಕಳ್ಸು. ಅಲ್ಲಿಗಂಟ ನಾನೇ ಬತ್ತಿರ್ತೀನಿ," ಎಂದಳು ಭಾಗ್ಯ.

ಕೆ.ಆರ್. ಪೇಟೆಯಲ್ಲಿ ಕೆಂಪಣ್ಣ ವ್ಯಾನು ನಿಲ್ಲಿಸಿ ಬಿಸಿ ಬೋಂಡ ಕಟ್ಟಿಸಿಕೊಂಡು, ಒಂದು ತಂಬಿಗೆ ನೀರನ್ನೂ ಹಿಡಿದುಕೊಂಡು ಬಂದರು. ಬೆಳಿಗ್ಗೆಯಿಂದ ಭಾಗ್ಯ ಏನೂ ತಿಂದಿರಲಿಲ್ಲ. ನಾನು ಕೈ ಮುಂದೆ ಮಾಡು ಎಂದು ತಂಬಿಗೆ ಬಗ್ಗಿಸಲು ಹೋದೆ. ಅವಳು ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಕಣಕ್ಕ, ನೀವ್ ತಿನ್ನಿ."

"ಹಸಿವಾಗಿಲ್ವೇನೇ?"

"ಅಸ್ವಾಗದೆ. ತಿನ್ಬೇಕಾದ್ರೆ ಕೈ ತೊಳೀಬೇಕಲ್ಲ."

ಅವಳ ಬೆರಳುಗಳ ಸಂದಿಯಲ್ಲಿ ಕೊಬ್ಬರಿ ಎಣ್ಣೆಯ ಪಸೆ ಇತ್ತು, ಉಂಗುರದ ಬೆರಳಿಗೆ ಒಂದು ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ನಾಗಮಂಗಲ ದಾಟುವವರೆಗೂ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಯಾವುದಕ್ಕೂ ತಗುಲಿಸದೆ, ಹಾಗೆಯೇ ಕೂತಿದ್ದಳು.